‘ಸಾರಿ’ ಎಂಬ ಎರಡಕ್ಷರ

ನಿಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ‘ಸಾರಿ’ ಎಂಬ ಇಂಗ್ಲಿಷ್ ಮಾತು ಎಷ್ಟು ಸಲ ಕೇಳಿಬರುತ್ತದೆಂದು ಎಂದಾದರೂ ಎಣಿಸಿದ್ದೀರಾ? ಶಾಲೆಗೆ ಹೊರಟ ಹುಡುಗ ಅವಸರದಲ್ಲಿ ಅಜ್ಜನ ಕಾಲು ತುಳಿದು ‘ಸಾರಿ ತಾತ’ ಎನ್ನುತ್ತಾನೆ. ಹಾಲಿನವನು ತಡವಾಗಿ ಬಂದು ‘ಸಾರಿ ಅಮ್ಮ’ ಎನ್ನುತ್ತಾನೆ. ತಪ್ಪು ಸಂಖ್ಯೆಗೆ ಫೋನು ಮಾಡಿದವರು ‘ಸಾರಿ, ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಾರೆ. ಇಂಗ್ಲಿಷಿನ ಗಂಧವೇ ಇಲ್ಲದವರ ನಾಲಗೆಯ ಮೇಲೂ ಈ ಎರಡಕ್ಷರ ಮನೆಮಾಡಿಕೊಂಡಿದೆ. ಇಷ್ಟು ಬಳಕೆಯಾದ ಮಾತನ್ನು ಕುರಿತು ಹೊಸದಾಗಿ ಹೇಳುವುದೇನಿದೆ ಎಂದು ನೀವು ಕೇಳಬಹುದು. ಬಳಕೆ ಹೆಚ್ಚಿದಷ್ಟೂ ಅರ್ಥದ ಕಡೆಗೆ ನಮ್ಮ ಲಕ್ಷ್ಯ ಕಡಮೆಯಾಗುತ್ತದೆ ಎಂಬುದೇ ನನ್ನ ಉತ್ತರ. ಅದರಿಂದ ಆಗುವ ಪೇಚು ನನಗೇ ಆದದ್ದುಂಟು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ನಮ್ಮ ಮೇಲಧಿಕಾರಿಗಳು ಉತ್ತರದ ಕಡೆಯವರು, ಕನ್ನಡ ಬಾರದು. ಆದರೂ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಾಗದಗಳ ಕರಡು ಬರೆಯುವುದನ್ನು ಕಲಿಸಿದ ದೊಡ್ಡ ಮನಸ್ಸಿನವರು. ಒಂದು ದಿನ ಅವರ ತಾಯಿ ತೀರಿಕೊಂಡರೆಂದು ಸುದ್ದಿ ಬಂತು. ಊರಿಗೆ ಹೋಗಿ ಹದಿನೈದು ದಿನಗಳ ಮೇಲೆ ಹಿಂತಿರುಗಿದರು. ಎದುರು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ನನಗೆ ಧೈರ್ಯ ಸಾಲಲಿಲ್ಲ. ಒಂದು ಚೀಟಿಯಲ್ಲಿ ‘ಸರ್, ಐ ಆಮ್ ವೆರಿ ಸಾರಿ ಫಾರ್ ಯೂ’ ಎಂದು ಬರೆದು ಮೇಜಿನ ಮೇಲಿಟ್ಟೆ. ‘ನಿಮಗಾಗಿ ನನ್ನ ಮನಸ್ಸು ನೊಂದಿದೆ’ ಎಂದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಚೀಟಿಯನ್ನು ಓದಿದರು, ನನ್ನನ್ನೊಮ್ಮೆ ನೋಡಿದರು, ‘ಥ್ಯಾಂಕ್ ಯೂ’ ಎಂದು ಕಡತದ ಕಡೆಗೆ ತಿರುಗಿದರು. ಅಂದಿನಿಂದ ಅವರ ಮಾತಿನಲ್ಲಿ ಮೊದಲಿನ ಬಿಸುಪು ಇರಲಿಲ್ಲ. ಕಾರಣ ನನಗೆ ಹೊಳೆಯಲಿಲ್ಲ.

ಆರು ತಿಂಗಳ ಬಳಿಕ ಅವರಿಗೆ ವರ್ಗವಾಯಿತು. ಹೊರಡುವ ದಿನ ನನ್ನನ್ನು ಕರೆದು ಕೂಡಿಸಿ, ‘ಆ ಚೀಟಿಯನ್ನು ಓದಿದಾಗ, ನನ್ನನ್ನು ಕಂಡು ಅಯ್ಯೋ ಪಾಪ ಎನ್ನುವಷ್ಟು ದೊಡ್ಡವನು ಈ ಹುಡುಗ ಯಾವಾಗ ಆದ ಎಂದು ನನಗೆ ಅನ್ನಿಸಿತು. ನೀನು ಹೇಳಹೊರಟದ್ದು ಬೇರೆ ಎಂದು ಆಮೇಲೆ ತಿಳಿಯಿತು. ಆದರೆ ತಿಳಿಯುವುದಕ್ಕೆ ಬಹಳ ದಿನ ಹಿಡಿಯಿತು’ ಎಂದರು. ನನ್ನ ತಪ್ಪು ‘ಸಾರಿ’ಯಲ್ಲಿ ಇರಲಿಲ್ಲ, ಅದರ ಬೆನ್ನಿಗಿದ್ದ ‘ಫಾರ್ ಯೂ’ ಎಂಬ ಎರಡು ಪುಟ್ಟ ಮಾತುಗಳಲ್ಲಿತ್ತು. ಅಂಥ ಪುಟ್ಟ ಮಾತುಗಳ ಲೆಕ್ಕವನ್ನೇ ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಭಾವ ನಮಗೆ ಬರುತ್ತದೆ, ಅವರು ಭಾವವೇ ಆಗುತ್ತಾರೆ

ಮೊದಲು ಎರಡು ಭಾಷೆಗಳ ಜಾಯಮಾನವನ್ನು ನೋಡೋಣ. ಕನ್ನಡದಲ್ಲಿ ‘ನನಗೆ ಸಂತೋಷವಾಯಿತು’, ‘ನನಗೆ ಕೋಪ ಬಂತು’, ‘ನನಗೆ ದುಃಖವಾಗಿದೆ’ ಎನ್ನುತ್ತೇವೆ. ಭಾವವೆಂಬುದು ಹೊರಗಿನಿಂದ ಬರುವ ಅತಿಥಿ. ‘ನನಗೆ’ ಎಂದು ನಾವು ಬಾಗಿಲು ತೆರೆದು ನಿಲ್ಲುತ್ತೇವೆ. ಮಳೆ ಬಂತು, ನೆಂಟರು ಬಂದರು, ಕೋಪ ಬಂತು. ಎಲ್ಲಕ್ಕೂ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಹೀಗಲ್ಲ. ‘ಐ ಆಮ್ ಹ್ಯಾಪಿ’, ‘ಐ ಆಮ್ ಆಂಗ್ರಿ’, ‘ಐ ಆಮ್ ಸಾರಿ’ ಎಂದು ಅವರು ಭಾವವನ್ನು ಗುಣವಾಚಕವಾಗಿ ಮಾಡಿ ತಮಗೇ ಅಂಟಿಸಿಕೊಳ್ಳುತ್ತಾರೆ. ‘ನಾನು ಎತ್ತರವಾಗಿದ್ದೇನೆ’ ಎಂಬಂತೆಯೇ ‘ನಾನು ಸಾರಿಯಾಗಿದ್ದೇನೆ’.

ಆದ್ದರಿಂದ ‘ಸಾರಿ’ ಎಂಬುದು ಕ್ರಿಯಾಪದವಲ್ಲ, ನಾಮಪದವೂ ಅಲ್ಲ, ಗುಣವಾಚಕ. ಇದನ್ನು ಮರೆತಾಗಲೇ ‘ಐ ಸಾರಿ’ ಎಂಬ ತುಂಡು ಮಾತು ಹುಟ್ಟುವುದು. ಗುಣವಾಚಕಕ್ಕೆ ‘ಆಮ್’, ‘ಈಸ್’, ‘ಆರ್’ ಎಂಬ ಊರುಗೋಲು ಬೇಕೇ ಬೇಕು: ‘ಐ ಆಮ್ ಸಾರಿ’, ‘ಶಿ ಈಸ್ ಸಾರಿ’, ‘ದೇ ವರ್ ಸಾರಿ’. ಒಂಟಿಯಾಗಿ ‘ಸಾರಿ’ ಎಂದಾಗಲೂ ‘ಐ ಆಮ್’ ಎಂಬುದು ಒಳಗೆ ಅಡಗಿರುತ್ತದೆ. ‘ವೆರಿ ಸಾರಿ’, ‘ಸೋ ಸಾರಿ’, ‘ಟೆರಿಬ್ಲಿ ಸಾರಿ’ ಎಂದು ಅದಕ್ಕೆ ಒತ್ತು ಕೊಡಬಹುದು. ನಮ್ಮವರು ಬಹು ವಿನಯದಿಂದ ಬರೆಯುವ ‘ವೆರಿ ಮಚ್ ಸಾರಿ’ ಮಾತ್ರ ಆ ಭಾಷೆಯ ರೂಢಿಯಲ್ಲ.

ಕನ್ನಡದಿಂದ ನೇರವಾಗಿ ಎತ್ತಿಟ್ಟ ಇನ್ನೆರಡು ತಪ್ಪುಗಳುಂಟು. ‘ಅಕ್ಕನಿಗೆ ಸಾರಿ ಹೇಳು’ ಎಂಬುದು ‘ಟೆಲ್ ಸಾರಿ ಟು ಯುವರ್ ಸಿಸ್ಟರ್’ ಎಂದಾಗುತ್ತದೆ. ‘ಸಾರಿ ಕೇಳು’ ಎಂಬುದು ‘ಆಸ್ಕ್ ಸಾರಿ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಎರಡೂ ಸಲ್ಲವು. ‘ಸೇ ಸಾರಿ ಟು ಯುವರ್ ಸಿಸ್ಟರ್’ ಎನ್ನಬೇಕು. ನಾವು ಕ್ಷಮೆಯನ್ನು ಕೇಳುತ್ತೇವೆ. ಅವರು ಸಾರಿಯನ್ನು ನುಡಿಯುತ್ತಾರೆ.

ಹುಟ್ಟು ನೋವಿನಿಂದ

ಈ ಪದದ ವಂಶವೃಕ್ಷವೂ ತಿಳಿಯಬೇಕಾದದ್ದೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಸಾರಿಗ್’. ನೋವು, ಗಾಯ ಎಂಬ ಅರ್ಥದ ‘ಸಾರ್’ ಎಂಬ ಪದದಿಂದ ಅದು ಹುಟ್ಟಿತು. ಈಗ ಗಂಟಲು ಕೆರೆದಾಗ ವೈದ್ಯರು ‘ಸೋರ್ ಥ್ರೋಟ್’ ಎನ್ನುತ್ತಾರಲ್ಲ, ಆ ‘ಸೋರ್’ ಇದರ ಸ್ವಂತ ಅಣ್ಣ. ದುಃಖವೆಂಬ ಅರ್ಥದ ‘ಸಾರೋ’ ಇದರ ತಾಯಿಯೆಂದು ಹಲವರು ತಿಳಿಯುತ್ತಾರೆ. ಅದು ‘ಸೊರ್ಗ್’ ಎಂಬ ಬೇರೊಂದು ಬೇರಿನಿಂದ ಬಂದದ್ದು. ನೆರೆಮನೆಯಲ್ಲಿ ಬಹುಕಾಲ ಬಾಳಿದವರ ನಡೆನುಡಿ ಒಂದೇ ಆಗುವಂತೆ, ಈ ಎರಡು ಪದಗಳ ಉಚ್ಚಾರವೂ ಅರ್ಥವೂ ಕಾಲಕ್ರಮದಲ್ಲಿ ಹತ್ತಿರ ಬಂದವು.

ಹಾಗಾದರೆ ‘ಐ ಆಮ್ ಸಾರಿ’ ಎಂಬುದರ ಮೂಲಾರ್ಥ ‘ನಾನು ನೊಂದಿದ್ದೇನೆ’ ಎಂದಷ್ಟೆ. ‘ನನ್ನಿಂದ ತಪ್ಪಾಯಿತು’ ಎಂಬ ಅರ್ಥ ಆಮೇಲೆ ಸೇರಿದ್ದು. ನನ್ನಿಂದ ನಿಮಗೆ ನೋವಾಗಿದೆ, ಅದಕ್ಕಾಗಿ ನಾನೂ ನೊಂದಿದ್ದೇನೆ ಎಂಬ ದಾರಿಯಲ್ಲಿ ನೋವಿನ ಮಾತು ಕ್ಷಮೆಯ ಮಾತಾಯಿತು. ಈಗ ಎರಡು ಅರ್ಥಗಳೂ ಒಂದೇ ಚೀಲದಲ್ಲಿವೆ. ಕೇಳುವವನು ಯಾವುದನ್ನು ಹೊರತೆಗೆಯಬೇಕು ಎಂಬುದನ್ನು ಸಂದರ್ಭ ಹೇಳುತ್ತದೆ. ಸಂದರ್ಭ ಸಾಲದಿದ್ದಾಗ ಬೆನ್ನಿಗೆ ಬರುವ ಸಣ್ಣ ಪದ ಹೇಳುತ್ತದೆ.

ಬೆನ್ನಿಗೆ ಬರುವ ನಾಲ್ವರು

ಆ ಸಣ್ಣ ಪದಗಳು ಮುಖ್ಯವಾಗಿ ನಾಲ್ಕು: ಟು, ಫಾರ್, ಅಬೌಟ್, ದಟ್. ಒಂದೊಂದನ್ನೂ ಬಾಯಿಬಿಟ್ಟು ಹೇಳಿಕೊಂಡು ನೋಡಿ.

ಮೊದಲನೆಯದು ‘ಟು’. ಇದರ ಮುಂದೆ ಕ್ರಿಯಾಪದ ಬರುತ್ತದೆ. ‘ಐ ಆಮ್ ಸಾರಿ ಟು ಹಿಯರ್ ಇಟ್’ ಎಂದರೆ ‘ಕೇಳಿ ಬಹಳ ವ್ಯಥೆಯಾಯಿತು’. ‘ಐ ಆಮ್ ಸಾರಿ ಟು ಸೇ’ ಎಂದರೆ ‘ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು’. ‘ಸಾರಿ ಟು ಟ್ರಬಲ್ ಯೂ’ ಎಂದರೆ ‘ನಿಮಗೆ ಕೊಂಚ ತೊಂದರೆ ಕೊಡುತ್ತೇನೆ’. ಇಲ್ಲಿ ಒಂದು ಸೂಕ್ಷ್ಮವಿದೆ. ತೊಂದರೆ ಕೊಡುವುದಕ್ಕೆ ಮುಂಚೆ, ಅಥವಾ ಕೊಡುತ್ತಿರುವಾಗ, ‘ಸಾರಿ ಟು ಟ್ರಬಲ್ ಯೂ’ ಎನ್ನಬೇಕು. ಕೆಲಸ ಮುಗಿಸಿ ಎದ್ದು ಹೊರಡುವಾಗ ‘ಸಾರಿ ಟು ಹ್ಯಾವ್ ಟ್ರಬಲ್ಡ್ ಯೂ’ ಎನ್ನಬೇಕು. ಬಂದಾಗ ಒಂದು, ಹೊರಟಾಗ ಒಂದು.

ಎರಡನೆಯದು ‘ಫಾರ್’. ನಾಲ್ವರಲ್ಲಿ ಬಹು ಎಚ್ಚರಿಕೆಯಿಂದ ನೋಡಬೇಕಾದವನು ಇವನೇ. ‘ಫಾರ್’ ಮುಂದೆ ನಾವು ಮಾಡಿದ ಕೆಲಸವನ್ನಿಟ್ಟರೆ ಅದು ಕ್ಷಮಾಯಾಚನೆ: ‘ಐ ಆಮ್ ಸಾರಿ ಫಾರ್ ಶೌಟಿಂಗ್ ಅಟ್ ಯೂ’, ಅಂದರೆ ‘ನಿಮ್ಮ ಮೇಲೆ ಕೂಗಾಡಿದೆ, ತಪ್ಪಾಯಿತು’. ‘ಸಾರಿ ಫಾರ್ ದ ಡಿಲೇ’ ಎಂದರೆ ‘ತಡವಾದದ್ದಕ್ಕೆ ಕ್ಷಮಿಸಿ’. ‘ಫಾರ್’ ಮುಂದೆ ಮನುಷ್ಯನನ್ನಿಟ್ಟರೆ ಅರ್ಥ ಹೊರಳಿ ಕನಿಕರವಾಗುತ್ತದೆ: ‘ಐ ಫೀಲ್ ಸಾರಿ ಫಾರ್ ದಟ್ ಬಾಯ್’, ಅಂದರೆ ‘ಪಾಪ, ಆ ಹುಡುಗನನ್ನು ಕಂಡರೆ ಅಯ್ಯೋ ಎನಿಸುತ್ತದೆ’. ಮಳೆಯಲ್ಲಿ ನೆನೆಯುತ್ತಿರುವ ನಾಯಿಮರಿಯ ವಿಷಯದಲ್ಲಿ, ಪರೀಕ್ಷೆಯ ದಿನ ಜ್ವರ ಹಿಡಿದ ಹುಡುಗನ ವಿಷಯದಲ್ಲಿ ಇದು ಸಹಜವಾದ ಮಾತು. ಆದರೆ ಎದುರಿಗಿರುವವರಿಗೇ ‘ಐ ಆಮ್ ಸಾರಿ ಫಾರ್ ಯೂ’ ಎಂದರೆ ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗಿನವರನ್ನು ನೋಡಿದಂತಾಗುತ್ತದೆ. ಜಗಳದಲ್ಲಿ ಇದೇ ಮಾತು ‘ನಿನ್ನ ಬುದ್ಧಿಗೆ ಏನು ಹೇಳಲಿ’ ಎಂಬ ತಿರಸ್ಕಾರಕ್ಕೂ ಬರುತ್ತದೆ. ನನ್ನ ಚೀಟಿ ನನ್ನ ಗುರುಗಳಂಥ ಅಧಿಕಾರಿಗಳ ಮುಂದೆ ಇಟ್ಟದ್ದು ಇದನ್ನೇ.

ಮೂರನೆಯದು ‘ಅಬೌಟ್’. ಇದು ಸಂಗತಿಯ ಕಡೆಗೆ ಕೈತೋರಿಸುತ್ತದೆ. ‘ಐ ಆಮ್ ಸಾರಿ ಅಬೌಟ್ ದ ನಾಯ್ಸ್’ ಎಂದರೆ ‘ಈ ಗದ್ದಲಕ್ಕೆ ಬೇಜಾರು ಮಾಡಿಕೊಳ್ಳಬೇಡಿ’. ‘ಐ ವಾಸ್ ಸಾರಿ ಟು ಹಿಯರ್ ಅಬೌಟ್ ಯುವರ್ ಮದರ್’ ಎಂದರೆ ‘ನಿಮ್ಮ ತಾಯಿಯವರ ಸುದ್ದಿ ಕೇಳಿ ದುಃಖವಾಯಿತು’. ಮನುಷ್ಯನ ಮೇಲೆ ಭಾರ ಹಾಕದೆ ಸಂಗತಿಯ ಮೇಲೆ ಹಾಕುವುದರಿಂದ ಇದು ಯಾರನ್ನೂ ನೋಯಿಸದು.

ನಾಲ್ಕನೆಯದು ‘ದಟ್’. ಇದರ ಮುಂದೆ ಪೂರ್ತಿ ವಾಕ್ಯವೇ ಬರುತ್ತದೆ: ‘ಐ ಆಮ್ ಸಾರಿ ದಟ್ ಯೂ ಹ್ಯಾಡ್ ಟು ವೇಟ್’, ಅಂದರೆ ‘ನೀವು ಕಾಯಬೇಕಾಯಿತಲ್ಲ, ಕ್ಷಮಿಸಿ’. ಮಾತಿನಲ್ಲಿ ‘ದಟ್’ ಅನೇಕ ವೇಳೆ ಜಾರಿಹೋಗುತ್ತದೆ. ‘ಸಾರಿ ಐ ಆಮ್ ಲೇಟ್’ ಎಂಬ ನಿತ್ಯದ ವಾಕ್ಯದಲ್ಲಿ ಜಾರಿರುವುದು ಅದೇ. ನಮ್ಮ ‘ಸಾರಿ ಫಾರ್ ಲೇಟ್ ಕಮಿಂಗ್’ ಎಂಬುದಕ್ಕಿಂತ ಇದು ಚಿಕ್ಕದು, ಸೊಗಸಾದದ್ದು.

ಇಷ್ಟರ ಮೇಲೆ ಒಂದು ಎಚ್ಚರಿಕೆ. ‘ಸಾರಿ’ಯನ್ನು ನಾಮಪದದ ಮುಂದೆ ಇಡಬೇಡಿ. ‘ಹ್ಯಾಪಿ ಚೈಲ್ಡ್’ ಎಂದರೆ ಸಂತೋಷವಾಗಿರುವ ಮಗು. ಆದರೆ ‘ಸಾರಿ ಮ್ಯಾನ್’ ಎಂದರೆ ಪಶ್ಚಾತ್ತಾಪಪಟ್ಟ ಮನುಷ್ಯನಲ್ಲ. ನಾಮಪದದ ಮುಂದೆ ನಿಂತಾಗ ‘ಸಾರಿ’ಗೆ ಹೀನವಾದ, ಅವಸ್ಥೆಗೆಟ್ಟ ಎಂಬ ಅರ್ಥ ಬರುತ್ತದೆ. ಗೋಡೆ ಬಿದ್ದು ಸೂರು ಸೋರುವ ಮನೆಯನ್ನು ಕಂಡು ‘ಇಟ್ ಈಸ್ ಇನ್ ಎ ಸಾರಿ ಸ್ಟೇಟ್’ ಎನ್ನುತ್ತಾರೆ. ಹಾಗೆಯೇ ‘ಯೂ ವಿಲ್ ಬಿ ಸಾರಿ’ ಎಂದು ಯಾರಾದರೂ ನಿಮಗೆ ಹೇಳಿದರೆ ಅದು ಸಾಂತ್ವನವಲ್ಲ, ಬೆದರಿಕೆ: ‘ಮುಂದೆ ಪಶ್ಚಾತ್ತಾಪಪಡುತ್ತೀ ನೋಡು’. ‘ಬೆಟರ್ ಸೇಫ್ ದ್ಯಾನ್ ಸಾರಿ’ ಎಂಬ ಅವರ ಗಾದೆ ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆಯ ಓಣಿಯದೇ.

ರಾಷ್ಟ್ರಗಳೂ ಈ ಪದದಲ್ಲಿ ಸಿಕ್ಕಿಕೊಂಡವು

ವ್ಯಥೆ ಮತ್ತು ಕ್ಷಮೆ ಎರಡೂ ಒಂದೇ ಪದದಲ್ಲಿರುವುದು ಗುಮಾಸ್ತನ ಚೀಟಿಗೆ ಮಾತ್ರ ಸಂಬಂಧಪಟ್ಟ ತೊಡಕೆಂದು ತಿಳಿಯಬೇಡಿ. ೨೦೦೧ರ ಏಪ್ರಿಲ್ ೧ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ನೌಕಾಪಡೆಯ ಬೇಹು ವಿಮಾನವೂ ಚೀನಾದ ಯುದ್ಧವಿಮಾನವೂ ಡಿಕ್ಕಿಯಾದವು. ಚೀನಾದ ವಿಮಾನಚಾಲಕ ವಾಂಗ್ ವೇ ಕಣ್ಮರೆಯಾದರು. ಅಮೆರಿಕದ ವಿಮಾನ ಹೈನಾನ್ ದ್ವೀಪದಲ್ಲಿ ಅನುಮತಿಯಿಲ್ಲದೆ ಇಳಿಯಿತು. ಅದರಲ್ಲಿದ್ದ ೨೪ ಮಂದಿ ಚೀನಾದ ವಶವಾದರು. ಅಮೆರಿಕ ಕ್ಷಮೆ ಕೇಳಲಿ ಎಂದು ಚೀನಾ. ತಪ್ಪು ನಮ್ಮದಲ್ಲ, ಕೇಳೆವು ಎಂದು ಅಮೆರಿಕ. ಹತ್ತು ದಿನ ಹಗ್ಗಜಗ್ಗಾಟ ನಡೆದ ಮೇಲೆ, ಏಪ್ರಿಲ್ ೧೧ರಂದು ಅಮೆರಿಕದ ರಾಯಭಾರಿ ಜೋಸೆಫ್ ಪ್ರೂಹರ್ ಒಂದು ಪತ್ರ ಕೊಟ್ಟರು. ಅದರಲ್ಲಿ ‘ವೆರಿ ಸಾರಿ’ ಎಂಬುದು ಎರಡು ಕಡೆ ಇತ್ತು: ಚಾಲಕನ ಕುಟುಂಬಕ್ಕೆ ಆದ ನಷ್ಟಕ್ಕಾಗಿ ಒಂದು, ಬಾಯಿಮಾತಿನ ಅನುಮತಿಯಿಲ್ಲದೆ ವಿಮಾನ ಇಳಿದದ್ದಕ್ಕಾಗಿ ಇನ್ನೊಂದು. ಚೀನಾ ತನ್ನ ಜನರಿಗೆ ಅದನ್ನು ಕ್ಷಮಾಯಾಚನೆಯೆಂದು ತಿಳಿಸಿತು. ಅಮೆರಿಕ ತನ್ನ ಜನರಿಗೆ ಅದು ವ್ಯಥೆಯ ಮಾತು ಮಾತ್ರ, ಕ್ಷಮಾಯಾಚನೆಯಲ್ಲ ಎಂದಿತು. ಆ ೨೪ ಮಂದಿ ಮನೆಗೆ ಹಿಂತಿರುಗಿದರು. ‘ಎರಡು ಸಾರಿಗಳ ಪತ್ರ’ ಎಂದೇ ಅದಕ್ಕೆ ಹೆಸರಾಗಿದೆ. ಪದವೊಂದರ ಎರಡು ಮುಖಗಳು ಅಂದು ಎರಡು ರಾಜ್ಯಗಳ ಮಾನವನ್ನು ಕಾಪಾಡಿದವು.

ಇದಕ್ಕೆ ತಿರುಗಿದ ಉದಾಹರಣೆಯೂ ಉಂಟು. ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೂ ಮಿಷನ್ನುಗಳೂ ಹಲವು ದಶಕಗಳ ಕಾಲ ತಂದೆತಾಯಿಗಳಿಂದ ಬೇರ್ಪಡಿಸಿದವು. ೧೯೯೭ರಲ್ಲಿ ಅದರ ವಿಚಾರಣೆಯ ವರದಿ ಹೊರಬಿತ್ತು. ೧೯೯೯ರಲ್ಲಿ ಅಲ್ಲಿನ ಸಂಸತ್ತು ಪ್ರಧಾನಿ ಜಾನ್ ಹೋವರ್ಡರ ನಿರ್ಣಯದ ಮೂಲಕ ‘ರಿಗ್ರೆಟ್’, ಅಂದರೆ ವಿಷಾದ, ಸೂಚಿಸಿತು. ಜನಕ್ಕೆ ಸಮಾಧಾನವಾಗಲಿಲ್ಲ, ಅವರಿಗೆ ಬೇಕಾಗಿದ್ದದ್ದು ‘ಸಾರಿ’. ೨೦೦೦ದ ಮೇ ತಿಂಗಳಲ್ಲಿ ಸಿಡ್ನಿ ಬಂದರಿನ ಸೇತುವೆಯ ಮೇಲೆ ಭಾರೀ ಜನಸಮೂಹ ನಡೆದುಹೋಗುತ್ತಿದ್ದಾಗ, ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ಆ ಒಂದೇ ಪದವನ್ನು ಬರೆಯಿತು. ೨೦೦೮ರ ಫೆಬ್ರವರಿ ೧೩ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು ಅದನ್ನು ನುಡಿದರು. ಒಂದು ಸಲವಲ್ಲ, ಮತ್ತೆ ಮತ್ತೆ ನುಡಿದರು. ಅದನ್ನು ಕೇಳಲೆಂದು ಮುದುಕರು ಮುದುಕಿಯರು ದೂರದೂರದ ಊರುಗಳಿಂದ ಬಂದಿದ್ದರು. ಎಷ್ಟೋ ಮಂದಿ ಅತ್ತರು.

ನಮ್ಮ ದೇಶಕ್ಕೆ ತಟ್ಟಿದ ಮಾತೂ ಒಂದಿದೆ. ೧೯೧೯ರ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಲು ಮೂರು ದಿನವಿರುವಾಗ, ಬ್ರಿಟಿಷ್ ಪ್ರಧಾನಿ ತೆರೇಸಾ ಮೇ ಅಲ್ಲಿನ ಸಂಸತ್ತಿನಲ್ಲಿ ಮಾತಾಡಿದರು. ‘ಡೀಪ್ಲಿ ರಿಗ್ರೆಟ್’ ಎಂದರು. ತೀವ್ರವಾದ ವಿಷಾದ ಎಂದು ಅದರ ಅರ್ಥ. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ನಿಸ್ಸಂದಿಗ್ಧವಾದ ಕ್ಷಮಾಯಾಚನೆಯೇ ಬೇಕೆಂದರು. ಆ ದಿನ ಅದು ಬರಲಿಲ್ಲ.

ಇದರಿಂದ ಮೂರು ಮೆಟ್ಟಿಲುಗಳು ನಮಗೆ ಸ್ಪಷ್ಟವಾಗುತ್ತವೆ. ‘ರಿಗ್ರೆಟ್’ ದೂರ ನಿಂತು ಆಡುವ ಕಚೇರಿಯ ಮಾತು: ಹೀಗಾಗಬಾರದಿತ್ತು. ‘ಅಪಾಲಜೈಸ್’ ತಪ್ಪನ್ನು ಒಪ್ಪಿಕೊಳ್ಳುವ ಮಾತು: ಮಾಡಿದವರು ನಾವು, ಕ್ಷಮೆ ಬೇಡುತ್ತೇವೆ. ‘ಸಾರಿ’ ಇವೆರಡರ ನಡುವೆ ನಿಂತ ಮನೆಯ ಮಾತು. ನೋವನ್ನು ಹೇಳುತ್ತದೆ, ತಪ್ಪು ಯಾರದೆಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಸಾರಿ ಎಂದರೆ ತಪ್ಪು ಒಪ್ಪಿದಂತಾಗಿ ನ್ಯಾಯಾಲಯಕ್ಕೆ ಎಳೆದಾರೆಂಬ ಭಯ ಜನರಿಗೆ ಇರಬಾರದೆಂದು ಬ್ರಿಟನ್ನಿನಲ್ಲಿ ೨೦೦೬ರಲ್ಲಿ ಕಾನೂನನ್ನೇ ಮಾಡಿದರು: ಕ್ಷಮೆ ಕೇಳಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ.

ಕಿವಿಗೆ ತಿಳಿಯುವ ಅರ್ಥ

ಬರಹದಲ್ಲಿ ಕಾಣದೆ ಕಿವಿಗೆ ಮಾತ್ರ ಸಿಕ್ಕುವ ಒಂದು ವಿಚಾರವುಂಟು. ರೇಡಿಯೋ ಮುಂದೆ ಕೂತು ಕೇಳುವ ಅಭ್ಯಾಸವಿರುವ ನಿಮಗೆ ಅದು ಸುಲಭ. ಬಿ.ಬಿ.ಸಿ.ಯವರು ೧೯೪೩ರಿಂದ ಬಾನುಲಿಯಲ್ಲಿ ಇಂಗ್ಲಿಷ್ ಪಾಠಗಳನ್ನು ಹೇಳಿಕೊಟ್ಟದ್ದು, ಮಾತಿನ ಏರಿಳಿತವನ್ನು ಪುಸ್ತಕಕ್ಕಿಂತ ಕಿವಿ ಬೇಗ ಕಲಿಯುತ್ತದೆ ಎಂಬುದನ್ನು ತೋರಿಸುತ್ತದೆ. ದನಿಯನ್ನು ಇಳಿಸಿ ‘ಸಾರಿ’ ಎಂದರೆ ‘ಕ್ಷಮಿಸಿ’ ಎಂದರ್ಥ. ಕೊನೆಯಲ್ಲಿ ದನಿಯನ್ನು ಏರಿಸಿ ‘ಸಾರಿ?’ ಎಂದರೆ ‘ಏನಂದಿರಿ, ಇನ್ನೊಮ್ಮೆ ಹೇಳಿ’ ಎಂದರ್ಥ. ಬ್ರಿಟನ್ನಿನವರು ಹೀಗೆ ‘ಸಾರಿ?’ ಎಂದಾಗ, ಇವರೇಕೆ ಕ್ಷಮೆ ಕೇಳುತ್ತಿದ್ದಾರೆ ಎಂದು ಬೆರಗಾಗದೆ ನಿಮ್ಮ ಮಾತನ್ನು ಮತ್ತೊಮ್ಮೆ ಹೇಳಿದರೆ ಸಾಕು. ‘ಸಾರಿ, ಬಟ್’ ಎಂದು ಆರಂಭವಾದರೆ ಮುಂದೆ ‘ಇಲ್ಲ’ ಎಂಬುದು ಬರುತ್ತದೆಂದು ತಿಳಿಯಿರಿ. ಅದು ನಿರಾಕರಣೆಗೆ ಹೊದಿಸಿದ ಮೆತ್ತನೆಯ ವಸ್ತ್ರ.

ಉಚ್ಚಾರದಲ್ಲಿಯೂ ಒಂದು ಮಾತು. ನಾವು ‘ಒಂದು ಸಾರಿ, ಎರಡು ಸಾರಿ’ ಎನ್ನುವಾಗಿನ ದೀರ್ಘವಾದ ‘ಸಾ’ ಬ್ರಿಟಿಷರ ಬಾಯಲ್ಲಿಲ್ಲ. ಅವರದು ತುಟಿಯನ್ನು ಕೊಂಚ ದುಂಡಗೆ ಮಾಡಿ ಗಿಡ್ಡವಾಗಿ ಹೇಳುವ ಸ್ವರ. ನಮ್ಮ ‘ಸಾ’ ಮತ್ತು ‘ಸೊ’ಗಳ ನಡುವಿನದು. ಅಮೆರಿಕದವರದು ನಮ್ಮ ‘ಸಾ’ಗೆ ಹತ್ತಿರ, ಕೆನಡಾದವರದು ‘ಸೋ’ಗೆ ಹತ್ತಿರ.

‘ಎಕ್ಸ್‌ಕ್ಯೂಸ್ ಮಿ’ ಎಂಬುದಕ್ಕೂ ‘ಸಾರಿ’ಗೂ ಇರುವ ಅಂತರವನ್ನು ಮಕ್ಕಳಿಗೆ ಹೀಗೆ ಹೇಳಿಕೊಡಿ. ಬಸ್ಸಿನಲ್ಲಿ ದಾರಿ ಬಿಡಿ ಎಂದು ಕೇಳುವಾಗ ‘ಎಕ್ಸ್‌ಕ್ಯೂಸ್ ಮಿ’. ಹೋಗುತ್ತ ಕಾಲು ತುಳಿದಾಗ ‘ಸಾರಿ’. ಒಂದು ಮುಂಚಿನದು, ಒಂದು ಆಮೇಲಿನದು. ಎಲ್ಲ ಕಡೆಯೂ ಇದು ಕಟ್ಟುನಿಟ್ಟಲ್ಲವಾದರೂ ಹೀಗೆ ನಡೆದವರು ಎಡವುವುದಿಲ್ಲ.

ಸಾವಿನ ಮನೆಗೆ ಬರೆಯುವ ಕಾಗದ

ಈಗ ಮುಖ್ಯವಾದ ಮಾತಿಗೆ ಬರೋಣ. ನಮ್ಮಲ್ಲಿ ಸಾವಾದ ಮನೆಗೆ ಹೋದವರು ಹೆಚ್ಚಾಗಿ ಏನೂ ಆಡುವುದಿಲ್ಲ. ಜಗಲಿಯ ಮೇಲೆ ಸುಮ್ಮನೆ ಕೂತಿದ್ದು, ‘ಹೋಗಿ ಬರುತ್ತೇನೆ’ ಎಂದೂ ಹೇಳದೆ ಎದ್ದುಬರುತ್ತೇವೆ. ಆ ಮೌನವೇ ನಮ್ಮ ಮಾತು. ಆದರೆ ಇಂದು ಮಗ ಹೊರದೇಶದಲ್ಲಿ, ಮಗಳ ನೆರೆಹೊರೆ ಬೇರೆ ಭಾಷೆಯವರು. ಕನ್ನಡ ಬಾರದವರ ದುಃಖಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕಾದ ಸಂದರ್ಭ ಯಾರಿಗೂ ಬರಬಹುದು. ಹಿಂದೆ ತಂತಿ ಕೊಡುವಾಗ ಪದಕ್ಕೆ ಇಷ್ಟೆಂದು ಹಣ ಕೊಡಬೇಕಾಗಿತ್ತು. ಮಾತನ್ನು ತೂಗಿ ಬರೆಯುತ್ತಿದ್ದೆವು. ೨೦೧೩ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಈಗ ಕೈಯಲ್ಲಿರುವ ಫೋನಿನಿಂದ ಕ್ಷಣದಲ್ಲಿ ಬರೆದು ಕಳಿಸುತ್ತೇವೆ, ತೂಗುವುದಕ್ಕೆ ವ್ಯವಧಾನವಿಲ್ಲ.

ಅಂಥ ಹೊತ್ತಿಗೆ ಎರಡು ವಾಕ್ಯಗಳನ್ನು ನೆನಪಿನಲ್ಲಿಡಿ. ‘ಐ ಆಮ್ ಸೋ ಸಾರಿ ಟು ಹಿಯರ್ ಅಬೌಟ್ ಯುವರ್ ಫಾದರ್’: ನಿಮ್ಮ ತಂದೆಯವರ ಸುದ್ದಿ ಕೇಳಿ ಬಹಳ ದುಃಖವಾಯಿತು. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’: ನಿಮಗಾದ ನಷ್ಟಕ್ಕೆ ನಾನೂ ನೊಂದಿದ್ದೇನೆ. ಎರಡನೆಯದರಲ್ಲಿ ‘ಫಾರ್’ ಇದ್ದರೂ ಅದರ ಮುಂದಿರುವುದು ಮನುಷ್ಯನಲ್ಲ, ನಷ್ಟ. ಆದ್ದರಿಂದ ಅದು ಸಲ್ಲುತ್ತದೆ. ‘ಸಾರಿ’ಯೊಂದನ್ನೇ ಬರೆದು ಬಿಡಬೇಡಿ, ಸತ್ತವರ ಹೆಸರನ್ನೋ ಸಂಬಂಧವನ್ನೋ ಸೇರಿಸಿ. ಅವರನ್ನು ನೀವು ಕಂಡಿದ್ದರೆ, ಕಂಡ ಒಂದು ಸಂಗತಿಯನ್ನು ಬರೆಯಿರಿ. ಮನೆಯವರು ಕಾಗದವನ್ನು ಎತ್ತಿಡುವುದು ಆ ಒಂದು ಸಂಗತಿಗಾಗಿ.

ಉತ್ತರ ಹೇಳುವುದರಲ್ಲಿಯೂ ವಿವೇಕ ಬೇಕು. ಕಾಲು ತುಳಿದವನ ‘ಸಾರಿ’ಗೆ ‘ದಟ್ಸ್ ಆಲ್ ರೈಟ್’, ‘ನೆವರ್ ಮೈಂಡ್’, ‘ಇಟ್ ಡಸಂಟ್ ಮ್ಯಾಟರ್’ ಎನ್ನಬಹುದು. ಆದರೆ ನಿಮ್ಮ ಮನೆಯಲ್ಲಿ ಸಾವಾಗಿ, ಒಬ್ಬರು ಬಂದು ‘ಐ ಆಮ್ ಸಾರಿ’ ಎಂದಾಗ ‘ನೆವರ್ ಮೈಂಡ್’ ಎಂದರೆ, ಹೋದರೆ ಹೋಗಲಿ ಬಿಡಿ ಎಂದಂತೆ! ಆಗ ಹೇಳಬೇಕಾದದ್ದು ‘ಥ್ಯಾಂಕ್ ಯೂ’ ಎಂದಷ್ಟೆ. ಹಾಗೆಯೇ, ಬಂದವರು ಸಾರಿ ಎಂದರೆಂದು ‘ನಿಮ್ಮ ತಪ್ಪೇನೂ ಇಲ್ಲವಲ್ಲ’ ಎಂದು ಅವರಿಗೆ ಸಮಾಧಾನ ಹೇಳುವುದೂ ಬೇಡ. ಅವರು ತಪ್ಪಿನ ಮಾತಾಡಲಿಲ್ಲ. ಹಳೆಯ ಇಂಗ್ಲಿಷಿನ ಆ ನೋವಿನ ಮಾತಾಡಿದರು.

ನಮ್ಮ ಮಾತನ್ನು ಮರೆಯದಿರೋಣ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಬಿನ್ನಹ. ‘ಸಾರಿ’ಯನ್ನು ಸರಿಯಾಗಿ ಕಲಿಯೋಣ, ಆದರೆ ಕನ್ನಡದಲ್ಲಿ ಅದಕ್ಕೆ ಬದಲಿಲ್ಲವೆಂದು ತಿಳಿಯುವುದು ಬೇಡ. ‘ತಪ್ಪಾಯಿತು’ ಎಂಬುದು ನೇರವಾದ ಮಾತು. ಅದರಲ್ಲಿ ನುಣುಚಿಕೊಳ್ಳಲು ಎರಡನೆಯ ಅರ್ಥವಿಲ್ಲ. ‘ಕ್ಷಮಿಸಿ’ ಎಂಬುದು ಗೌರವದ ಮಾತು. ‘ಬೇಜಾರು ಮಾಡಿಕೊಳ್ಳಬೇಡಿ’ ಎಂಬುದು ಮನೆಮಂದಿಯ ಮಾತು. ಕಾಲು ತಾಕಿದಾಗ ಬಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಮಾತೇ ಬೇಡದ ಮಾತು. ಮೊಮ್ಮಗ ಓಡುತ್ತ ‘ಸಾರಿ ತಾತ’ ಎಂದು ಎಸೆದು ಹೋಗುವ ಪದದಲ್ಲಿ ನೋವಿನ ಅಂಶ ಎಳ್ಳಷ್ಟೂ ಉಳಿದಿರುವುದಿಲ್ಲ. ಅವನು ನಿಂತು, ಅಜ್ಜನ ಕಾಲನ್ನೊಮ್ಮೆ ನೋಡಿ ಹೇಳಿದರೆ, ಯಾವ ಭಾಷೆಯಲ್ಲಿ ಹೇಳಿದರೂ ಸರಿಯೆ.

ಕೊನೆಯದಾಗಿ, ಮನೆಯವರೆಲ್ಲ ಸೇರಿ ಬಾಯಲ್ಲಿಯೇ ಮಾಡಬಹುದಾದ ಐದು ಅಭ್ಯಾಸಗಳು. ಇವನ್ನು ಇಂಗ್ಲಿಷಿಗೆ ತಿರುಗಿಸಿ. ಕೆಳಗಿನ ಉತ್ತರವನ್ನು ಆಮೇಲೆ ನೋಡಿ.

೧. ನಿಮ್ಮನ್ನು ಕಾಯಿಸಿಬಿಟ್ಟೆ, ಕ್ಷಮಿಸಿ.
೨. ಆ ಮುದುಕಿಯನ್ನು ಕಂಡರೆ ಅಯ್ಯೋ ಎನಿಸುತ್ತದೆ.
೩. ನಿಮ್ಮ ಅಣ್ಣನವರ ಸುದ್ದಿ ಕೇಳಿ ದುಃಖವಾಯಿತು.
೪. ತಮ್ಮನಿಗೆ ಸಾರಿ ಹೇಳು.
೫. ಏನಂದಿರಿ? ಕೇಳಿಸಲಿಲ್ಲ.

ಉತ್ತರಗಳು: ೧. ಐ ಆಮ್ ಸಾರಿ ಟು ಹ್ಯಾವ್ ಕೆಪ್ಟ್ ಯೂ ವೇಟಿಂಗ್. ೨. ಐ ಫೀಲ್ ಸಾರಿ ಫಾರ್ ದಟ್ ಓಲ್ಡ್ ವುಮನ್. ೩. ಐ ವಾಸ್ ಸಾರಿ ಟು ಹಿಯರ್ ಅಬೌಟ್ ಯುವರ್ ಬ್ರದರ್. ೪. ಸೇ ಸಾರಿ ಟು ಯುವರ್ ಬ್ರದರ್. ೫. ಸಾರಿ? (ದನಿಯನ್ನು ಏರಿಸಿ.)

ಮೂರನೆಯದನ್ನು ತಪ್ಪಿಲ್ಲದೆ ಹೇಳಿದವರು ನನಗಿಂತ ಜಾಣರು. ಅದನ್ನು ಕಲಿಯಲು ನನಗೆ ಒಂದು ಚೀಟಿಯೂ ಆರು ತಿಂಗಳೂ ಬೇಕಾದವು. ಆ ಅಧಿಕಾರಿಗಳು ಹೊರಟ ದಿನ ರೈಲಿನ ಕಿಟಕಿಯ ಬಳಿ ನಿಂತು, ತಾಯಿಯವರ ವಿಷಯಕ್ಕೆ ಆಡಬೇಕಾಗಿದ್ದ ವಾಕ್ಯವನ್ನು ಸರಿಯಾಗಿ ಆಡಿದೆ. ಅವರು ಈ ಸಲವೂ ‘ಥ್ಯಾಂಕ್ ಯೂ’ ಎಂದಷ್ಟೇ ಹೇಳಿದರು. ಆದರೆ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡಿದ್ದರು.